ಫ್ಯೂಸಿಗೆ ತಿಳಿಯದ ಬಿಸಿ

ಕಾರೋ ಬಸ್ಸೋ ನಡುರಸ್ತೆಯಲ್ಲಿ ಹೊತ್ತಿ ಉರಿದ ಸುದ್ದಿಯ ಕೊನೆಗೆ, ಶಾರ್ಟ್ ಸರ್ಕ್ಯೂಟ್ ಕಾರಣವೆಂದು ಶಂಕಿಸಲಾಗಿದೆ ಎಂಬ ಸಾಲೊಂದು ಸಾಮಾನ್ಯವಾಗಿ ಇರುತ್ತದೆ. ಓದುವವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಕೇಳಬೇಕಾದ ಪ್ರಶ್ನೆ ಮಾತ್ರ ಅಲ್ಲಿಂದಲೇ ಶುರುವಾಗುತ್ತದೆ. ಪಾಸಿಟಿವ್ ತಂತಿಯ ಹೊದಿಕೆ ಸವೆದು ಒಳಗಿನ ತಾಮ್ರ ಬಾಡಿಯ ತಗಡಿಗೆ ತಗುಲಿದರೆ ಬ್ಯಾಟರಿಯಿಂದ ನೂರಾರು ಆಂಪಿಯರ್ ಒಮ್ಮೆಗೇ ನುಗ್ಗುತ್ತದೆ, ನಿಜ. ಅದನ್ನು ತಡೆಯಲೆಂದೇ ಫ್ಯೂಸ್ ಇದೆ. ಅಂಥ ಹೊಡೆತಕ್ಕೆ ಅದು ಕಣ್ಣು ಮಿಟುಕಿಸುವುದರೊಳಗೆ ಕರಗಿ ದಾರಿ ಕಡಿಯುತ್ತದೆ. ಹಾಗಿದ್ದ ಮೇಲೆ, ಸರಿಯಾದ ಫ್ಯೂಸೇ ಇದ್ದ ವಾಹನದಲ್ಲೂ ವೈರಿಂಗ್ ಏಕೆ ಕರಗುತ್ತದೆ? ಹೆಡ್‌ಲೈಟ್ ಹೋಲ್ಡರ್ ಏಕೆ ಕಪ್ಪಾಗುತ್ತದೆ, ಫ್ಯೂಸ್ ಬಾಕ್ಸಿನ ಒಂದು ಮೂಲೆ ಏಕೆ ಮೆತ್ತಗಾಗಿ ಬಾಗುತ್ತದೆ? ಕಾರಣಗಳು ಹಲವಿರಬಹುದು. ಅವುಗಳಲ್ಲಿ ತುಂಬ ಸಾಮಾನ್ಯವಾದ, ಆದರೂ ಯಾರೂ ಮಾತಾಡದ ಒಂದು ಕಾರಣ ಇರುವುದು ತಂತಿಗೆ ತಂತಿ ಸೇರುವ ಜಾಗದಲ್ಲಿ. ನಮ್ಮ ಗ್ಯಾರೇಜುಗಳಲ್ಲಿ ಜಾಯಿಂಟ್ ಎಂದರೆ ಕೆಲಸ ಮುಗಿಸಿ ಏಳುವ ಮುಂಚಿನ ಅರ್ಧ ನಿಮಿಷದ ಮಾತು: ಸುಲಿ, ಹೊಸೆ, ಟೇಪು ಸುತ್ತು. ಬಲ್ಬು, ಮೋಟಾರು, ಸೆನ್ಸರುಗಳ ಹಾಗೆ ಜಾಯಿಂಟು ಕೂಡ ಒಂದು ಬಿಡಿಭಾಗ. ಅದನ್ನು ಅಳತೆಯಿಂದ ಮಾಡಬೇಕು, ಅಳತೆಯಿಂದಲೇ ಪರೀಕ್ಷಿಸಬೇಕು. ಹೀಗೆ ಕಾಣಲು ಕಲಿಯುವವರೆಗೆ ವಾಹನಗಳ ವಿದ್ಯುತ್ ರಿಪೇರಿ ಸುಧಾರಿಸುವುದಿಲ್ಲ ಎಂಬುದು ನನ್ನ ವಾದ.

ಲೆಕ್ಕ ನೋಡಿ. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರೊಂದಕ್ಕೆ ಸುಮಾರು 0.018 ಓಮ್ ರೋಧ. ಸಡಿಲವಾಗಿಯೋ ಕಿಲುಬು ಹಿಡಿದೋ ಕೆಟ್ಟ ಒಂದು ಜಾಯಿಂಟಿನ ರೋಧ 0.2 ಓಮ್ ಆಯಿತೆಂದುಕೊಳ್ಳೋಣ. ಹನ್ನೊಂದು ಮೀಟರ್ ತಂತಿಯಲ್ಲಿ ಹರಡಿರಬೇಕಾದ ರೋಧ ಒಂದಂಗುಲದೊಳಗೆ ಬಂದು ಕುಳಿತಂತಾಯಿತು. ಆ ದಾರಿಯಲ್ಲಿ 10 ಆಂಪಿಯರ್ ಹರಿದರೆ ಅಲ್ಲಿ 2 ವೋಲ್ಟ್ ಕಳೆದುಹೋಗುತ್ತದೆ, 20 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿ ಅಂಗಡಿಯ ಸೋಲ್ಡರಿಂಗ್ ಐರನ್ನಿನ ಶಕ್ತಿ 25 ವ್ಯಾಟ್. ಅಷ್ಟು ಕಾವು ಹನ್ನೊಂದು ಮೀಟರಿಗೆ ಹಂಚಿಹೋದರೆ ಗಾಳಿಗೆ ಆರುತ್ತದೆ, ಮುಟ್ಟಿದರೂ ತಿಳಿಯುವುದಿಲ್ಲ. ಒಂದಂಗುಲದಲ್ಲಿ, ಅದೂ ಟೇಪಿನ ಒಳಗೆ ನಿಂತರೆ? ವಾಹನದ ತಂತಿಗೆ ಹೊದಿಸುವ ಸಾಮಾನ್ಯ ಪಿವಿಸಿ 105 ಡಿಗ್ರಿ ಸೆಲ್ಸಿಯಸ್ ದಾಟಿದ ಶಾಖವನ್ನು ಬಹುಕಾಲ ತಾಳುವುದಿಲ್ಲ. ಬಿಸಿಯಾದಂತೆ ತಾಮ್ರದ ಮೈ ಇನ್ನಷ್ಟು ಆಕ್ಸೈಡ್ ಕಟ್ಟುತ್ತದೆ, ರೋಧ ಇನ್ನೂ ಏರುತ್ತದೆ, ಬಿಸಿ ಮತ್ತೆ ಏರುತ್ತದೆ. ಇಷ್ಟೆಲ್ಲ ಆಗುವಾಗ ಆ ದಾರಿಯ 15 ಆಂಪಿಯರ್ ಫ್ಯೂಸು ಏನು ಮಾಡುತ್ತಿರುತ್ತದೆ ಎಂದರೆ, ಏನೂ ಇಲ್ಲ. ರೋಧ ಹೆಚ್ಚಿದಾಗ ಹರಿಯುವ ವಿದ್ಯುತ್ ಕಡಿಮೆಯೇ ಆಗುವುದರಿಂದ ಅದಕ್ಕೆ ದೂರುವಂಥದ್ದೇನೂ ಕಾಣುವುದಿಲ್ಲ. ಬಾಗಿಲಲ್ಲಿ ಕುಳಿತು ಒಳಹೋದವರ ತಲೆ ಎಣಿಸುವ ಕಾವಲುಗಾರನಿಗೆ ಒಳಗೆ ನಡೆದ ಜಗಳ ಗೊತ್ತಾಗುವುದು ಹೇಗೆ? ಫ್ಯೂಸು ಎಣಿಸುವುದು ಆಂಪಿಯರನ್ನು ಮಾತ್ರ. ಆ ಎಣಿಕೆಯಲ್ಲೂ ಅದು ನಾವಂದುಕೊಂಡಷ್ಟು ಚುರುಕಲ್ಲ: ಈಗಿನ ಬ್ಲೇಡ್ ಫ್ಯೂಸುಗಳು ತಮ್ಮ ಅಳತೆಗಿಂತ ಶೇ 35ರಷ್ಟು ಹೆಚ್ಚು ಹರಿದಾಗ ಕರಗಲು ಹತ್ತು ನಿಮಿಷದವರೆಗೂ ತೆಗೆದುಕೊಳ್ಳಬಹುದು. ನೀಲಿ ಬಣ್ಣದ 15 ಆಂಪಿಯರ್ ಫ್ಯೂಸು ಪದೇ ಪದೇ ಹೋಗುತ್ತಿದೆಯೆಂದು ಅಲ್ಲಿ ಹಸಿರು ಬಣ್ಣದ 30 ಆಂಪಿಯರಿನದನ್ನು ಸಿಕ್ಕಿಸುವವರು, ಇರುವ ಅಲ್ಪ ರಕ್ಷಣೆಯನ್ನೂ ಕಳೆಯುತ್ತಾರೆ. ಫ್ಯೂಸು ಇರುವುದು ತಂತಿಯನ್ನು ಉಳಿಸಲು. ತಂತಿ ದಪ್ಪವಾಗದೆ ಫ್ಯೂಸು ದೊಡ್ಡದಾಗಕೂಡದು.

ಜಾಯಿಂಟಿನ ಒಳಗೆ ನಡೆಯುವುದೇನು ಎಂದು ತಿಳಿದರೆ ಟೇಪು ಸುತ್ತುವ ಪದ್ಧತಿ ಏಕೆ ಸೋಲುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಎರಡು ಲೋಹದ ಮೈಗಳು ಎಷ್ಟೇ ನುಣುಪಾಗಿದ್ದರೂ ನಿಜವಾಗಿ ತಾಕುವುದು ಅಲ್ಲೊಂದು ಇಲ್ಲೊಂದು ಚುಕ್ಕೆಯಷ್ಟು ಜಾಗದಲ್ಲಿ. ಮಿಕ್ಕ ಜಾಗವೆಲ್ಲ ಗಾಳಿ, ತೇವ, ದೂಳು. ಕೈಯಲ್ಲಿ ಹೊಸೆದ ಎಳೆಗಳನ್ನು ಒತ್ತಿ ಹಿಡಿಯುವ ಬಲ ಬೇರೆ ಯಾವುದೂ ಇಲ್ಲ. ಎಂಜಿನ್ನಿನ ನಡುಕ, ರಸ್ತೆಯ ಗುಂಡಿ, ಹಗಲಿನ ಕಾವು, ರಾತ್ರಿಯ ತಂಪು ಸೇರಿ ಅವನ್ನು ದಿನದಿನಕ್ಕೂ ಸಡಿಲಿಸುತ್ತವೆ. ಪಿವಿಸಿ ಟೇಪಿನ ಅಂಟು ಬಿಸಿಗೆ ಇಳಿದು ಜಾರುತ್ತದೆ, ತುದಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಒಳಹೊಕ್ಕ ನೀರು ಟೇಪಿನ ಸುರುಳಿಯೊಳಗೆ ಸಿಕ್ಕಿಬಿದ್ದು ಆರದೆ ಉಳಿಯುತ್ತದೆ. ಉಪ್ಪುಗಾಳಿಯ ಕಾರವಾರ, ಉಡುಪಿ, ಮಂಗಳೂರಿನಲ್ಲಿ, ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಆ ಕರಾವಳಿಯಲ್ಲಿ, ಇದು ಇನ್ನೂ ಬೇಗ ಆಗುತ್ತದೆ. ಉಪ್ಪುನೀರು ಇದ್ದು ಸದಾ 12 ವೋಲ್ಟ್ ಒತ್ತಡವೂ ಇದ್ದರೆ ಪಾಸಿಟಿವ್ ಕಡೆಯ ತಾಮ್ರ ಕರಗಿ ಹಸಿರು ಪುಡಿಯಾಗುತ್ತದೆ. ಆ ಹಸಿರು ಕಿಲುಬು ಹೊದಿಕೆಯೊಳಗೆ ಎಳೆಗಳ ಸಂದಿನಲ್ಲಿ ಗೇಣುದ್ದ ಮುಂದೆ ಹೋಗಿರಬಹುದು. ಹೊಸ ಜಾಯಿಂಟ್ ಹಾಕುವವರು ತಂತಿಯನ್ನು ಕತ್ತರಿಸುತ್ತ ಹೋಗಿ ತಾಮ್ರ ಕೆಂಪಗೆ ಹೊಳೆಯುವ ಕಡೆ ನಿಲ್ಲಬೇಕು. ಕಪ್ಪಾದ ತಾಮ್ರಕ್ಕೆ ಎಷ್ಟು ಚೆನ್ನಾದ ಲಗ್, ಅಂದರೆ ತುದಿಯ ಲೋಹದ ಟರ್ಮಿನಲ್, ಒತ್ತಿದರೂ ಅದು ಹೊಸ ಬಟ್ಟೆ ತೊಡಿಸಿದ ಹಳೆಯ ದೋಷವೇ.

ಹಾಗಾದರೆ ಸರಿಯಾದ ಜಾಯಿಂಟ್ ಯಾವುದು? ಕಾರ್ಖಾನೆಯಲ್ಲಿ ವೈರಿಂಗ್ ಮಾಡುವವರು ಏನು ಮಾಡುತ್ತಾರೆ ಎಂದು ನೋಡಿದರೆ ಸಾಕು. ತಂತಿಗಳನ್ನು ಸಿಕ್ಕಿಸಿ ಜೋಡಿಸುವ ಕಪ್ಲರಿನೊಳಗಿನ ಟರ್ಮಿನಲ್ಲುಗಳನ್ನು ತಂತಿಗೆ ಕ್ರಿಂಪ್ ಮಾಡಿರುತ್ತಾರೆ, ಅಂದರೆ ಅಚ್ಚಿನಲ್ಲಿಟ್ಟು ಒತ್ತಿರುತ್ತಾರೆ. ಸರಿಯಾದ ಅಳತೆಯ ಅಚ್ಚಿನಲ್ಲಿ ಸರಿಯಾದ ಬಲದಿಂದ ಒತ್ತಿದಾಗ ದುಂಡನೆಯ ಎಳೆಗಳು ಮೂಲೆಮೂಲೆಯಾಗಿ ಚಪ್ಪಟೆಯಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ನಡುವೆ ಗಾಳಿ ನುಸುಳಲೂ ಸಂದು ಉಳಿಯುವುದಿಲ್ಲ. ಗಾಳಿಯಿಲ್ಲದ ಮೇಲೆ ಕಿಲುಬು ಎಲ್ಲಿಂದ ಬರಬೇಕು? ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ತನ್ನ ತಂತಿ ಜೋಡಣೆಗೆ ಬರೆದುಕೊಂಡ ನಿಯಮಾವಳಿಯಲ್ಲೂ ಕ್ರಿಂಪಿಗೆ ಪೂರ್ಣ ಮಾನ್ಯತೆ ಇದೆ. ಆದರೆ ಇಕ್ಕಳದಲ್ಲಿ ಹಿಸುಕುವುದು ಕ್ರಿಂಪ್ ಅಲ್ಲ. ಹಲ್ಲು ಕಚ್ಚುವ, ಪೂರ್ತಿ ಒತ್ತುವವರೆಗೆ ಬಿಡದ ರ‍್ಯಾಚೆಟ್ ಉಪಕರಣ ಬೇಕು. ತಂತಿಯ ದಪ್ಪಕ್ಕೆ ಹೊಂದುವ ಟರ್ಮಿನಲ್ ಬೇಕು. ಎಳೆಗಳನ್ನು ಒಂದು ಜೋಡಿ ರೆಕ್ಕೆ, ಹೊದಿಕೆಯನ್ನು ಇನ್ನೊಂದು ಜೋಡಿ ರೆಕ್ಕೆ ಹಿಡಿದಿರಬೇಕು. ಎರಡನೆಯದು ಅಲಂಕಾರಕ್ಕಲ್ಲ, ತಂತಿ ಅಲುಗಾಡುವ ಭಾರ ತಾಮ್ರದ ಮೇಲೆ ಬೀಳದಿರಲಿ ಎಂದು. ಮಾಡಿದ ಮೇಲೆ ಕೈಯಿಂದ ಬಲವಾಗಿ ಎಳೆದು ನೋಡಬೇಕು, ಕಳಚಿಬಂದರೆ ಅದು ಈಗಲೇ ಬರಲಿ. ನಂತರ ಒಳಮೈಯಲ್ಲಿ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಸ್ಲೀವ್ ಎಳೆದು ಕಾಯಿಸಿದರೆ ಅಂಟು ಕರಗಿ ಎರಡೂ ತುದಿಯಲ್ಲಿ ಇಣುಕುತ್ತದೆ. ನೀರಿನ ದಾರಿ ಮುಚ್ಚಿತೆಂಬುದಕ್ಕೆ ಅದೇ ಗುರುತು.

ಸೋಲ್ಡರ್ ಮಾಡಿದರೆ ಇನ್ನೂ ಗಟ್ಟಿಯಲ್ಲವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಒಳ್ಳೆಯ ಸೋಲ್ಡರಿನ ರೋಧ ಕಡಿಮೆ, ತೇವವೂ ಒಳಗೆ ಹೋಗದು; ಕೆಲವು ತಯಾರಕರ ಕೈಪಿಡಿಗಳೇ ಕ್ಲಿಪ್ ಒತ್ತಿ ಅದರ ಮೇಲೆ ಸೋಲ್ಡರ್ ಹಾಕಲು ಹೇಳುತ್ತವೆ. ತೊಂದರೆ ಇರುವುದು ಜಾಯಿಂಟಿನ ಒಳಗಲ್ಲ, ಅದರ ಅಂಚಿನಲ್ಲಿ. ಕರಗಿದ ತವರ ಎಳೆಗಳ ಸಂದಿನಲ್ಲಿ ಹೊದಿಕೆಯೊಳಕ್ಕೆ ಏರಿ, ಬಳುಕುತ್ತಿದ್ದ ತಂತಿಯ ಒಂದು ತುಂಡನ್ನು ಕಡ್ಡಿಯಂತೆ ಬಿರುಸಾಗಿಸುತ್ತದೆ. ಬಿರುಸು ಮುಗಿದು ಬಳುಕು ಶುರುವಾಗುವ ಗೆರೆಯಲ್ಲಿ ನಡುಕವೆಲ್ಲ ಬಂದು ಸೇರಿ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಮನೆಯ ರೇಡಿಯೋದಲ್ಲಿ ಇದು ಸಮಸ್ಯೆಯಲ್ಲ, ಏಕೆಂದರೆ ರೇಡಿಯೋ ನಡುಗುವುದಿಲ್ಲ. ಬಾಡಿಯ ತಗಡಿಗೆ ಕ್ಲಿಪ್ ಮಾಡಿ ಭದ್ರವಾಗಿ ಕಟ್ಟಿದ ಜಾಗದಲ್ಲಿ, ಸ್ಲೀವಿನ ಆಸರೆ ಕೊಟ್ಟು, ಪಳಗಿದ ಕೈ ಸೋಲ್ಡರ್ ಮಾಡಿದರೆ ಅದೂ ಬಾಳುತ್ತದೆ. ಆದರೆ ಎಂಜಿನ್ ಮೇಲೆ, ಬಾಗಿಲ ಕೀಲಿನಲ್ಲಿ, ಬೈಕಿನ ಹ್ಯಾಂಡಲ್ ತಿರುಗುವ ಕುತ್ತಿಗೆಯಲ್ಲಿ ಕ್ರಿಂಪನ್ನೇ ನಾನು ಆರಿಸುತ್ತೇನೆ. ಬಾಗುವ ಜಾಗದಲ್ಲಿ ಯಾವ ಜಾಯಿಂಟೂ ಇರದಂತೆ ತಂತಿಯನ್ನು ಅಲ್ಲಿಂದ ದೂರದವರೆಗೆ ಬದಲಿಸುವುದು ಅದಕ್ಕಿಂತ ಒಳ್ಳೆಯದು.

ಕಪ್ಲರಿನ ಕಾಯಿಲೆ ಬೇರೆ ಬಗೆಯದು. ಹೊರಗೆ ನೋಡಿದರೆ ಎಲ್ಲ ಸರಿ. ಬಿಚ್ಚಿ ಮತ್ತೆ ಹಾಕಿದರೆ ಕೆಟ್ಟದ್ದು ಸರಿಹೋಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಮತ್ತೆ ಅದೇ ಗೋಳು. ತವರದ ಲೇಪವಿರುವ ಎರಡು ಪಿನ್ನುಗಳು ನಡುಕಕ್ಕೆ ಕೂದಲೆಳೆಗಿಂತ ಕಡಿಮೆ ದೂರ ಹಿಂದೆ ಮುಂದೆ ಉಜ್ಜುತ್ತಿದ್ದರೆ ತವರದ ಪುಡಿ ಆಕ್ಸೈಡಾಗಿ ತಾಕುವ ಚುಕ್ಕೆಯ ಸುತ್ತಲೇ ರಾಶಿಯಾಗುತ್ತದೆ. ಬಿಚ್ಚಿ ಹಾಕಿದಾಗ ಆ ಪುಡಿ ಒರೆಸಿಹೋಗಿ ದಾರಿ ತೆರೆಯಿತು, ಅಷ್ಟೇ, ಉಜ್ಜಾಟ ನಿಂತಿಲ್ಲ. ನಿಜವಾದ ರಿಪೇರಿ ಎಂದರೆ ಹೆಣ್ಣು ಪಿನ್ನಿನ ಹಿಡಿತ ಸಡಿಲವಾಗಿದೆಯೇ ಎಂದು ನೋಡಿ ಅದನ್ನು ಬದಲಿಸುವುದು. ಟೆಸ್ಟ್ ಲ್ಯಾಂಪಿನ ಚೂಪು ಮೊನೆಯನ್ನು ಆ ಸಣ್ಣ ಬಾಯೊಳಗೆ ತುರುಕಿ ಪರೀಕ್ಷೆ ಮಾಡುವ ಅಭ್ಯಾಸವೇ ಎಷ್ಟೋ ಪಿನ್ನುಗಳ ಹಿಡಿತ ಕೆಡಿಸಿದೆ. ತಂತಿಯ ಹೊದಿಕೆಗೆ ಸೂಜಿ ಚುಚ್ಚಿ ನೋಡುವುದೂ ನೀರಿಗೆ ಬಾಗಿಲು ತೆರೆದಂತೆ. ಕಪ್ಲರಿನ ಹಿಂಬದಿಯಿಂದ, ಸೀಲು ಹರಿಯದಂತೆ, ತೆಳ್ಳನೆಯ ಪಿನ್ನಿನಲ್ಲಿ ಅಳೆಯಬೇಕು. ಜೋಡಿಸುವಾಗ ಒಂದಿಷ್ಟು ಸಿಲಿಕೋನ್ ಗ್ರೀಸ್ ಸವರಿದರೆ ತೇವ ಹೊರಗುಳಿಯುತ್ತದೆ. ಅದು ವಿದ್ಯುತ್ ಹರಿಸದ ಗ್ರೀಸು, ಸಂಪರ್ಕ ಕೆಡಿಸುವುದಿಲ್ಲವೇ ಎಂಬ ಅನುಮಾನ ಸಹಜ. ಪಿನ್ನುಗಳು ಒತ್ತಿ ತಾಕುವ ಚುಕ್ಕೆಯಿಂದ ಗ್ರೀಸು ಪಕ್ಕಕ್ಕೆ ಸರಿಯುತ್ತದೆ, ಸುತ್ತಲ ಖಾಲಿ ಜಾಗವನ್ನಷ್ಟೇ ತುಂಬುತ್ತದೆ. ಚಕ್ರದ ಬೇರಿಂಗಿಗೆ ಹಾಕುವ ಗ್ರೀಸನ್ನು ಇಲ್ಲಿ ಬಳಸಬಾರದು, ಪೆಟ್ರೋಲಿಯಂ ಎಣ್ಣೆ ರಬ್ಬರ್ ಸೀಲನ್ನು ಉಬ್ಬಿಸುತ್ತದೆ. ಇನ್ನು ಕರಗಿದ ಹೆಡ್‌ಲೈಟ್ ಹೋಲ್ಡರಿನ ವಿಷಯ. 60/55 ವ್ಯಾಟಿನ ಬಲ್ಬಿಗೆಂದು ಮಾಡಿದ ಹೋಲ್ಡರಿನಲ್ಲಿ 100/90 ವ್ಯಾಟಿನದನ್ನು ಹಾಕಿದರೆ ಹೈಬೀಮಿನಲ್ಲಿ 5 ಆಂಪಿಯರ್ ಇದ್ದದ್ದು ಎಂಟು ದಾಟುತ್ತದೆ. ಶಾಖ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದೇ ಪಿನ್ನಿನ ಮೇಲೆ ಬೀಳುವ ಬಿಸಿ ಸುಮಾರು ಎರಡೂಮುಕ್ಕಾಲು ಪಟ್ಟು. ಹೋಲ್ಡರ್ ಕರಗಿತೆಂದು ಹೊಸ ಹೋಲ್ಡರ್ ಹಾಕಿ ಅದೇ ಬಲ್ಬನ್ನು ಸಿಕ್ಕಿಸಿದರೆ ರಿಪೇರಿ ಆಗಲಿಲ್ಲ, ಮುಂದೂಡಲಾಯಿತು. ಹೆಚ್ಚಿನ ಬೆಳಕು ಬೇಕೆನ್ನುವವರು ಮೊದಲು ಇರುವ ಬಲ್ಬಿಗೆ ವೋಲ್ಟೇಜ್ ಪೂರ್ತಿ ಸೇರುತ್ತಿದೆಯೇ ಎಂದು ಅಳೆಯಲಿ: ಹ್ಯಾಲೊಜನ್ ಬಲ್ಬಿಗೆ ವೋಲ್ಟೇಜ್ ಶೇ 10 ಕಡಿಮೆಯಾದರೆ ಬೆಳಕು ಶೇ 30ರಷ್ಟು ಕುಗ್ಗುತ್ತದೆ.

ಅಳತೆಯ ಮಾತು ಬಂದಿತು. ಮಲ್ಟಿಮೀಟರನ್ನು ಬೀಪ್ ಗುರುತಿಗೆ ಇಟ್ಟು ತಂತಿಯ ಎರಡು ತುದಿ ಮುಟ್ಟಿಸಿ, ಕೂಗಿತು, ತಂತಿ ಸರಿಯಿದೆ ಎಂದು ತೀರ್ಮಾನಿಸುವುದು ರೂಢಿ. ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ಕಡಿದು ಒಂದೇ ಉಳಿದಿದ್ದರೂ ಮೀಟರ್ ಕೂಗುತ್ತದೆ, ಏಕೆಂದರೆ ಅದು ಹರಿಸಿ ನೋಡುವ ವಿದ್ಯುತ್ ಅತ್ಯಲ್ಪ. ಆ ಒಂದೆಳೆಯ ಮೇಲೆ 10 ಆಂಪಿಯರ್ ಬಿದ್ದಾಗ ಬಣ್ಣ ಬಯಲಾಗುತ್ತದೆ. ಆದ್ದರಿಂದ ಪರೀಕ್ಷೆ ನಡೆಯಬೇಕಾದದ್ದು ಭಾರ ಹೊತ್ತಿರುವಾಗ. ದೀಪ ಉರಿಸಿ, ಇಲ್ಲವೇ ಸ್ಟಾರ್ಟರ್ ತಿರುಗಿಸುತ್ತ, ಮೀಟರನ್ನು ವೋಲ್ಟಿನಲ್ಲಿಟ್ಟು ಜಾಯಿಂಟಿನ ಆಚೆ ಈಚೆ ಒಂದೊಂದು ಮೊನೆ ಹಿಡಿದರೆ ಆ ಜಾಯಿಂಟು ಎಷ್ಟು ವೋಲ್ಟ್ ನುಂಗುತ್ತಿದೆ ಎಂಬುದು ನೇರವಾಗಿ ಕಾಣುತ್ತದೆ. ಒಳ್ಳೆಯ ಜಾಯಿಂಟು 0.1 ವೋಲ್ಟಿಗಿಂತ ಹೆಚ್ಚು ನುಂಗಬಾರದು ಎಂಬುದು ಈ ಕಸುಬಿನಲ್ಲಿ ನಡೆದುಬಂದ ಲೆಕ್ಕ. ಇದೇ ಪರೀಕ್ಷೆಯನ್ನು ಅರ್ತ್ ಕಡೆಗೂ ಮಾಡಬೇಕು. ವಾಹನದ ಬಾಡಿಯೇ ನೆಗೆಟಿವ್ ತಂತಿಯಾಗಿರುವುದರಿಂದ ಅರ್ಧ ಸರ್ಕ್ಯೂಟು ಕಣ್ಣಿಗೆ ಕಾಣುವುದೇ ಇಲ್ಲ, ಹಾಗಾಗಿ ಅನುಮಾನವೂ ಅತ್ತ ಹೋಗುವುದಿಲ್ಲ. ಇಂಡಿಕೇಟರ್ ಹಾಕಿದರೆ ಹಿಂದಿನ ದೀಪ ತಾಳಕ್ಕೆ ಮಿಣುಕುವುದು, ಬ್ರೇಕ್ ಒತ್ತಿದರೆ ಇನ್ನಾವುದೋ ದೀಪ ಮಂಕಾಗಿ ಹತ್ತುವುದು, ಇವೆಲ್ಲ ಸಾಮಾನ್ಯವಾಗಿ ತುಕ್ಕು ಹಿಡಿದ ಅರ್ತ್ ಬೋಲ್ಟಿನ ಆಟ. ತನ್ನ ದಾರಿ ಮುಚ್ಚಿದ ವಿದ್ಯುತ್ ಪಕ್ಕದ ಬಲ್ಬಿನ ಮೂಲಕ ಮರಳುತ್ತಿರುತ್ತದೆ. ಬೋಲ್ಟ್ ಬಿಚ್ಚಿ, ಬಣ್ಣ ಕೆರೆದು, ಬರಿ ಲೋಹಕ್ಕೆ ಲಗ್ ಕೂರಿಸಿ ಬಿಗಿ ಮಾಡಿ, ಹೊರಗಿನಿಂದ ಗ್ರೀಸ್ ಬಳಿಯುವುದಕ್ಕೆ ಹಿಡಿಯುವುದು ಹತ್ತು ನಿಮಿಷ. ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುವಾಗ ಇಡೀ ದಾರಿಯಲ್ಲಿ 0.01 ಓಮ್ ಹೆಚ್ಚಾದರೂ ಒಂದು ವೋಲ್ಟಿಗಿಂತ ಹೆಚ್ಚು ಹೋಗುತ್ತದೆ. ಬ್ಯಾಟರಿ ಹೋಯಿತೆಂದು ಹೊಸದು ಕೊಂಡವರಲ್ಲಿ ಅರ್ತ್ ಪಟ್ಟಿಯನ್ನು ಮೊದಲು ಅಳೆಸಿದವರು ಎಷ್ಟು ಮಂದಿ?

ನಮ್ಮ ಹಿರಿಯ ಮೆಕ್ಯಾನಿಕ್‌ಗಳು ಟೇಪು ಸುತ್ತಿಯೇ ಲಾರಿ, ಟ್ರ್ಯಾಕ್ಟರ್‌ಗಳನ್ನು ಮೂವತ್ತು ವರ್ಷ ಓಡಿಸಲಿಲ್ಲವೇ ಎಂಬುದು ಇನ್ನೊಂದು ಮಾತು. ಓಡಿಸಿದರು, ಅದರಲ್ಲಿ ಜಾಣ್ಮೆಯೂ ಇತ್ತು. ಆದರೆ ಆ ವಾಹನದಲ್ಲಿ ವಿದ್ಯುತ್ ಮಾಡುತ್ತಿದ್ದ ಕೆಲಸ ಬೇರೆ. ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಶುರುವಾದರೆ ಅದಕ್ಕೆ ವಿದ್ಯುತ್ತಿನ ಹಂಗು ಹೆಚ್ಚೇನೂ ಇರಲಿಲ್ಲ. ದೀಪ ಮಂಕಾದರೆ ಚಾಲಕನ ಕಣ್ಣಿಗೆ ಕಾಣುತ್ತಿತ್ತು. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತದೆ, ಅಂದರೆ ರಾತ್ರಿ ಮಾತ್ರ ಕಾಯುತ್ತಿದ್ದ ಕಪ್ಲರು ಈಗ ದಿನವಿಡೀ ಕಾಯುತ್ತದೆ. 2020ರ ಏಪ್ರಿಲ್ 1ರಿಂದ ದೇಶವಿಡೀ ಬಿಎಸ್ 6 ಹೊಗೆ ನಿಯಮ ಬಂತು. ಸಣ್ಣ ಸ್ಕೂಟರಿನಲ್ಲೂ ಪೆಟ್ರೋಲ್ ಎಷ್ಟು ಬೇಕೆಂದು ತೀರ್ಮಾನಿಸುವುದು ಸೆನ್ಸರುಗಳ ಮಾತು ಕೇಳುವ ಪುಟ್ಟ ಕಂಪ್ಯೂಟರ್. ಇಂಥ ಅನೇಕ ಸೆನ್ಸರುಗಳು ಮಾತಾಡುವುದು 5 ವೋಲ್ಟಿನೊಳಗೆ. ಹೆಡ್‌ಲೈಟಿನ ತಂತಿಯಲ್ಲಿ 0.2 ವೋಲ್ಟ್ ಕಳೆದರೆ ಯಾರಿಗೂ ಗೊತ್ತಾಗದು. ಥ್ರಾಟಲ್ ಸೆನ್ಸರಿನ ತಂತಿಯಲ್ಲಿ ಅಷ್ಟೇ ಕಳೆದರೆ ಕಂಪ್ಯೂಟರಿಗೆ ಸುಳ್ಳು ಸುದ್ದಿ ಹೋಗಿ ಎಂಜಿನ್ ತಡವರಿಸುತ್ತದೆ. ಸ್ಕ್ಯಾನರ್ ಹಚ್ಚಿದರೆ ಅದು ಆ ಸೆನ್ಸರಿನ ಹೆಸರು ಹೇಳುತ್ತದೆ. ಅದು ಹೇಳುತ್ತಿರುವುದು ಸೆನ್ಸರ್, ತಂತಿ, ಕಪ್ಲರ್, ಅರ್ತ್ ಸೇರಿದ ಇಡೀ ಸರ್ಕ್ಯೂಟಿನ ಕತೆ. ನಾವು ಕೇಳಿಸಿಕೊಳ್ಳುವುದು ಸೆನ್ಸರಿನ ಹೆಸರನ್ನು ಮಾತ್ರ, ಸಾವಿರಾರು ರೂಪಾಯಿ ತೆತ್ತು ಅದನ್ನು ಬದಲಿಸುತ್ತೇವೆ. ಬದಲಿಸುವಾಗ ಕಪ್ಲರ್ ಬಿಚ್ಚಿ ಹಾಕಿದ್ದರಿಂದ ಕೆಲವು ದಿನ ಸರಿಯಾಗಿಯೂ ಇರುತ್ತದೆ, ತಪ್ಪು ನಿರ್ಣಯ ನಿಜವಾಯಿತೆಂದು ಎಲ್ಲರೂ ನಂಬುತ್ತಾರೆ. ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡುವ ಕ್ಯಾನ್ ಜಾಲದ ಕತೆಯೂ ಇಷ್ಟೇ ನಾಜೂಕು. ಬಾಷ್ ಕಂಪನಿ 1986ರಲ್ಲಿ ಜಗತ್ತಿಗೆ ಪರಿಚಯಿಸಿದ ಈ ಪದ್ಧತಿಯಲ್ಲಿ ಎರಡು ತಂತಿಗಳು ಹೆಣೆದುಕೊಂಡಿರುತ್ತವೆ. ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ಕಳೆದುಹೋಗಲೆಂದು ಆ ಹೆಣಿಗೆ. ರಿಪೇರಿಯಲ್ಲಿ ಹೆಣಿಗೆ ಬಿಚ್ಚಿ ಉದ್ದಕ್ಕೆ ಬಿಟ್ಟರೆ ಅಥವಾ ಒಂದನ್ನು ಉದ್ದ ಒಂದನ್ನು ಗಿಡ್ಡ ಮಾಡಿದರೆ ಜಾಲದ ಮಾತು ತಪ್ಪುತ್ತದೆ. ಬ್ಯಾಟರಿ ಕಳಚಿ ಎರಡರ ನಡುವೆ ಅಳೆದರೆ 60 ಓಮ್ ಸುಮಾರಿಗೆ ಬರಬೇಕು, ಜಾಲದ ಎರಡು ತುದಿಗಳಲ್ಲಿ 120 ಓಮಿನ ಒಂದೊಂದು ರೋಧಕ ಇರುವುದರಿಂದ.

ರಸ್ತೆಬದಿಯ ಎಲೆಕ್ಟ್ರಿಷಿಯನ್ನನಿಗೆ ಇಷ್ಟೆಲ್ಲ ಮಾಡಲು ಪುರುಸೊತ್ತೂ ಇಲ್ಲ, ಹಣವೂ ಇಲ್ಲ ಎಂಬ ಮಾತಿಗೆ ನನ್ನಲ್ಲಿ ಸಹಾನುಭೂತಿಯಿದೆ. ಬಾಡಿಗೆ ತಪ್ಪಿದ ಆಟೋ ಚಾಲಕನಿಗೆ ಬೇಕಾದ್ದು ಈಗಲೇ ಓಡುವ ಗಾಡಿ. ಮಳೆಯಲ್ಲಿ ನಿಂತ ಗಾಡಿಗೆ ಟೇಪಿನ ಜಾಯಿಂಟು ಹಾಕಿ ಮನೆ ಸೇರಿಸುವುದು ತಪ್ಪಲ್ಲ. ಅದು ತಾತ್ಕಾಲಿಕ ಎಂದು ಹೇಳದೆ ಬಿಡುವುದು ತಪ್ಪು. ಉಪಕರಣದ ಖರ್ಚಿನ ವಾದವಂತೂ ನಿಲ್ಲುವುದಿಲ್ಲ. ರ‍್ಯಾಚೆಟ್ ಕ್ರಿಂಪರ್ ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ, ಟರ್ಮಿನಲ್ಲು, ಸ್ಲೀವುಗಳ ಬೆಲೆ ಕೆಲವೇ ರೂಪಾಯಿ. ನಿಜವಾಗಿ ದುಬಾರಿ ಆಗಿರುವುದು ಕಾಲ. ಸರಿಯಾದ ಜಾಯಿಂಟಿಗೆ ಐದರ ಬದಲು ಇಪ್ಪತ್ತು ನಿಮಿಷ ಹಿಡಿದರೆ ಆ ಹದಿನೈದು ನಿಮಿಷಕ್ಕೆ ಹಣ ಕೊಡಲು ಗಿರಾಕಿ ಒಪ್ಪುವುದಿಲ್ಲ, ಏಕೆಂದರೆ ಅವನ ಕಣ್ಣಿಗೆ ಹೊಸದಾಗಿ ಏನೂ ಬಂದಿಲ್ಲ. ಬಿಡಿಭಾಗಕ್ಕೆ ಮೂರು ಸಾವಿರ ಕೊಡುವ ಕೈ, ಬಿಡಿಭಾಗ ಬೇಡವೆಂದು ಪತ್ತೆ ಮಾಡಿದ ಬುದ್ಧಿಗೆ ಮುನ್ನೂರು ಕೊಡಲು ಹಿಂಜರಿಯುತ್ತದೆ. ಈ ಧೋರಣೆ ಬದಲಾಗದೆ ಮೆಕ್ಯಾನಿಕ್ಕನನ್ನು ಮಾತ್ರ ದೂರುವುದು ಅನ್ಯಾಯ. ಇಡೀ ವೈರಿಂಗ್ ಕಿಟ್ಟನ್ನೇ ಬದಲಿಸಿಬಿಡಿ ಎನ್ನುವ ದೊಡ್ಡ ಸರ್ವಿಸ್ ಕೇಂದ್ರಗಳ ಸಲಹೆ ಇದರ ಇನ್ನೊಂದು ತುದಿ. ಇಲಿ ಕಡಿದು ಹತ್ತಾರು ಕಡೆ ತುಂಡಾಗಿದ್ದರೆ, ಸುಟ್ಟಿದ್ದರೆ, ನೆರೆಯ ನೀರಿನಲ್ಲಿ ಮುಳುಗಿದ್ದರೆ ಅದು ಸರಿ. ಒಂದು ಕಡೆ ಸವೆದದ್ದಕ್ಕೆ ಇಡೀ ಕಿಟ್ ಬದಲಿಸಿದರೆ, ಮೊದಲನೆಯದನ್ನು ಸವೆಸಿದ ತಗಡಿನ ಅಂಚು ಅಲ್ಲೇ ಕಾದು ಕುಳಿತಿರುತ್ತದೆ.

ಯಾರೂ ತಾವಾಗಿ ಮುಟ್ಟಬಾರದ ತಂತಿಗಳೂ ಇವೆ, ಅದನ್ನು ಇಲ್ಲೇ ಹೇಳಬೇಕು. ಹಳದಿ ಕಪ್ಲರಿನ ಏರ್‌ಬ್ಯಾಗ್ ತಂತಿಗಳಿಗೆ ಮೀಟರ್ ಹಚ್ಚಿದರೂ ಅಪಾಯ. ವಿದ್ಯುತ್ ಕಾರು, ಹೈಬ್ರಿಡ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಅದಕ್ಕೆಂದೇ ತರಬೇತಾದವರ ಹೊರತು ಮಿಕ್ಕವರು ದೂರವಿರಬೇಕು.

ಕೌಶಲದ ಜೊತೆಗೆ ಬೇಕಾದ ಇನ್ನೊಂದು ವಸ್ತು ಮಾಹಿತಿ. ಯಾವ ಬಣ್ಣದ ತಂತಿ ಯಾವ ಕಪ್ಲರಿನ ಎಷ್ಟನೇ ಪಿನ್ನಿಗೆ ಹೋಗುತ್ತದೆ, ಅರ್ತ್ ಬೋಲ್ಟುಗಳು ಎಲ್ಲೆಲ್ಲಿವೆ ಎಂಬ ನಕ್ಷೆ ಕೈಯಲ್ಲಿಲ್ಲದೆ ರಿಪೇರಿಗೆ ಕೂತರೆ ಊಹೆಯಿಂದ ತಂತಿ ಸುಲಿಯಬೇಕಾಗುತ್ತದೆ, ಸುಲಿದ ಒಂದೊಂದು ಕಡೆಯೂ ಮುಂದಿನ ದೋಷಕ್ಕೆ ಜಾಗವಾಗುತ್ತದೆ. ಐರೋಪ್ಯ ಒಕ್ಕೂಟ 2007ರಲ್ಲಿ ಯೂರೋ 5 ಮತ್ತು 6ರ ಹೊಗೆ ನಿಯಮ ತಂದಾಗ, ವೈರಿಂಗ್ ನಕ್ಷೆಯೂ ಸೇರಿದಂತೆ ರಿಪೇರಿಯ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕೆಂದು ಅದೇ ನಿಯಮದಲ್ಲಿ ಬರೆಯಿತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ವಾಹನ ಹಾಗೂ ಕೃಷಿ ಯಂತ್ರಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಸಂದಿಯಲ್ಲಿ ಕುಳಿತ ಎಲೆಕ್ಟ್ರಿಷಿಯನ್ನನಿಗೂ, ಹಳ್ಳಿಯಲ್ಲಿ ಟ್ರ್ಯಾಕ್ಟರ್ ಬಿಚ್ಚುವವನಿಗೂ ಕೈಗೆಟಕುವ ಬೆಲೆಯಲ್ಲಿ, ಕನ್ನಡದ ವಿವರಣೆಯೊಂದಿಗೆ ನಕ್ಷೆ ಸಿಗುವಂತಾಗಬೇಕು. ಐಟಿಐಗಳ ಮೋಟಾರ್ ಮೆಕ್ಯಾನಿಕ್ ತರಬೇತಿಯಲ್ಲಿ ಎಂಜಿನ್ ಬಿಚ್ಚಿ ಜೋಡಿಸಲು ಕೊಡುವ ಮಹತ್ವವನ್ನು ಕ್ರಿಂಪ್ ಮಾಡಿ ಎಳೆದು ನೋಡುವುದಕ್ಕೂ, ಭಾರ ಹೊತ್ತ ತಂತಿಯ ವೋಲ್ಟ್ ಅಳೆಯುವುದಕ್ಕೂ ಕೊಡಬೇಕು. ಅಲ್ಲಿಯವರೆಗೆ ವಾಹನದ ಮಾಲೀಕರು ತಾವೇ ಮಾಡಬಹುದಾದ ಒಂದು ಕೆಲಸವಿದೆ. ಗಾಡಿ ಬಿಡಿಸಿಕೊಳ್ಳುವ ಮುಂಚೆ ಎರಡು ಪ್ರಶ್ನೆ ಕೇಳಿ: ಜಾಯಿಂಟ್ ಎಲ್ಲೆಲ್ಲಿ ಹಾಕಿದಿರಿ, ಭಾರದಲ್ಲಿ ಅಳೆದಾಗ ಎಷ್ಟು ವೋಲ್ಟ್ ಬಂತು. ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಟ್ಟವರಿಗೆ ಆ ಹೆಚ್ಚಿನ ಹದಿನೈದು ನಿಮಿಷದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ.